ನಿಮ್ಮ ಬಳಗವನ್ನು ತೆರೆದ ಜಾಲಕ್ಕೆ ಸಾಗಿಸುವುದು ಹೇಗೆ: ಕುವೆಂಪುನಗರದ ಒಂದು ತಾರಸಿಯಿಂದ

ನನ್ನ ಕಷ್ಟ ಶುರುವಾಗಿದ್ದು ಪುಂಡಿ ಸೊಪ್ಪಿನಿಂದ.

ಬ್ಯಾಂಕಿನಲ್ಲಿ 31 ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದ ಮೇಲೆ ಮೈಸೂರಿನ ಕುವೆಂಪುನಗರದ ನಮ್ಮ ಮನೆ ತಾರಸಿಯಲ್ಲಿ ಕೈತೋಟ ಮಾಡಿಕೊಂಡೆ. ಅದರ ಜೊತೆಗೇ ಬೀಜ ಹಂಚುವ ಒಂದು ಬಳಗ ಹುಟ್ಟಿತು. ಈರನಗೆರೆ ಬದನೆ, ಹೀರೆ, ಅವರೆ, ದಂಟು, ಯಾರ ಮನೆಯಲ್ಲಿ ಬೀಜ ಜಾಸ್ತಿ ಇದೆಯೋ ಅವರು ಹೇಳುತ್ತಾರೆ. ಬೇಕಾದವರು ಅಂಚೆ ಖರ್ಚು ಕೊಟ್ಟು ತರಿಸಿಕೊಳ್ಳುತ್ತಾರೆ. ಇದೆಲ್ಲ ನಡೆಯುತ್ತಿದ್ದುದು ಒಂದು ದೊಡ್ಡ ಜಾಲತಾಣದ ಗುಂಪಿನಲ್ಲಿ. ಆರು ವರ್ಷದಲ್ಲಿ 3,800 ಜನ ಸೇರಿದ್ದರು.

ಕಲಬುರಗಿಯ ಗೆಳತಿ ಕೊಟ್ಟ ಬೀಜದಿಂದ ಬಂದ ಪುಂಡಿ ಗಿಡದ ಫೋಟೋ ಹಾಕಿ, "ಬೀಜ ಇದೆ, ಬೇಕಾದವರು ವಿಳಾಸ ಕಳಿಸಿ" ಎಂದು ಒಂದು ಸಂಜೆ ಬರೆದೆ. ಪುಂಡಿಯಲ್ಲಿ ಒಂದು ಜಾತಿಯ ಎಲೆ ಥೇಟ್ ಗಾಂಜಾ ಎಲೆಯ ಹಾಗೆ ಬೆರಳು ಬಿಟ್ಟುಕೊಂಡಿರುತ್ತದೆ. ಸಸ್ಯಶಾಸ್ತ್ರದವರು ಅದಕ್ಕಿಟ್ಟ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್, ಕ್ಯಾನಬಿಸ್ ಅಂದರೆ ಗಾಂಜಾ! ಯಾವುದೋ ಯಂತ್ರ ಎಲೆ ನೋಡಿತು, "ಬೀಜ ಇದೆ" ಎಂಬುದನ್ನು ಓದಿತು, ಎರಡೂ ಕೂಡಿಸಿತು ಅಂತ ಕಾಣುತ್ತೆ. ಬೆಳಿಗ್ಗೆ ಎದ್ದರೆ ಗುಂಪೂ ಇಲ್ಲ, ನನ್ನ ಖಾತೆಯೂ ಇಲ್ಲ. ಮೇಲ್ಮನವಿ ಕಳಿಸಿದೆ. ನಾಲ್ಕೇ ನಿಮಿಷದಲ್ಲಿ "ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗುವುದಿಲ್ಲ" ಎಂಬ ಉತ್ತರ ಬಂತು. ನಾಲ್ಕು ನಿಮಿಷದಲ್ಲಿ ನಾನು ಒಂದು ಚೆಕ್ ಕೂಡ ಪರಿಶೀಲಿಸುತ್ತಿರಲಿಲ್ಲ.

ಪೋಸ್ಟ್‌ಗಳು ಹೋದರೆ ಹೋಗಲಿ. 3,800 ಜನರಲ್ಲಿ ನನ್ನ ಹತ್ತಿರ ಫೋನ್ ನಂಬರ್ ಇದ್ದದ್ದು 60 ಜನರದ್ದು ಮಾತ್ರ. ಉಳಿದವರು ಎಲ್ಲಿದ್ದಾರೆ, ಯಾರಿಗೆ ಯಾವ ಬೀಜ ಕೊಟ್ಟಿದ್ದೆ, ಒಂದೂ ಗೊತ್ತಿಲ್ಲ. ಖಾತೆ ಪುಸ್ತಕವನ್ನೇ ಬೇರೆಯವರ ಬೀರುವಿನಲ್ಲಿಟ್ಟು ಕೀ ತೆಗೆದುಕೊಳ್ಳದೆ ಬಂದ ಹಾಗಾಯಿತು. ನಿಮಗೂ ಹೀಗೊಂದು ಬಳಗ ಇದ್ದರೆ, ಹಾಡಿನದ್ದೋ ಚಾರಣದ್ದೋ ಹಳೇ ವಿದ್ಯಾರ್ಥಿಗಳದ್ದೋ, ಮುಂದಿನದ್ದು ನಿಮಗಾಗಿ.

ಬೇರೆ ಕಂಪನಿಗೆ ಹೋದರೆ ಸಾಕಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ "ಕೂ" ಎಂಬ ಜಾಲತಾಣ ಬಂತು. ಅದು ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. ನಮ್ಮವರೇ ಮಾಡಿದ್ದು, ನಮ್ಮ ಭಾಷೆಯಲ್ಲೇ ಇದೆ ಅಂತ ತುಂಬಾ ಜನ ಖುಷಿಪಟ್ಟರು. 2024ರ ಜುಲೈನಲ್ಲಿ ಮುಚ್ಚುತ್ತೇವೆ ಎಂದು ಅದನ್ನು ಕಟ್ಟಿದವರೇ ಹೇಳಿದರು. ಕೈಜೋಡಿಸುವ ಕಂಪನಿ ಸಿಗಲಿಲ್ಲ, ದುಡ್ಡು ಮುಗಿಯಿತು. ಅದಕ್ಕೂ ಮೊದಲು ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಹೋದವು. ಒಳ್ಳೆಯವರು ಕಟ್ಟಿದರೂ, ಕನ್ನಡದವರು ಕಟ್ಟಿದರೂ, ಬಾಗಿಲು ಒಂದೇ ಇದ್ದರೆ ಅದು ಮುಚ್ಚಿದ ದಿನ ಎಲ್ಲರೂ ಬೀದಿಯಲ್ಲೇ.

ನನ್ನ ತವರು ಮಂಡ್ಯದ ಕಡೆ. ವಿಶ್ವೇಶ್ವರಯ್ಯ ನಾಲೆಗೆ ನೀರು ನಿಲ್ಲಿಸಿದ ವರ್ಷ ಬಯಲಿಗೆ ಬಯಲೇ ಒಣಗಿದ್ದನ್ನು ನೋಡಿದ್ದೇನೆ. ಬಾವಿ ಇದ್ದವರ ಗದ್ದೆಯಲ್ಲಿ ಒಂದಿಷ್ಟಾದರೂ ಹಸಿರಿರುತ್ತಿತ್ತು.

ತೆರೆದ ಜಾಲ ಅಂದರೆ ಇಷ್ಟೇ. ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಯ ಸಿಮ್‌ಗೆ ಫೋನ್ ಹೋಗುತ್ತದಲ್ಲ, ಹಾಗೇ ಇಲ್ಲಿ ಒಂದು ಸರ್ವರ್‌ನಲ್ಲಿ (ಖಾತೆಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರ್‌ನಲ್ಲಿ) ಇರುವವರು ಇನ್ನೊಂದು ಸರ್ವರ್‌ನಲ್ಲಿರುವವರನ್ನು ಫಾಲೋ ಮಾಡಬಹುದು, ಉತ್ತರ ಕೊಡಬಹುದು. ಸರ್ವರ್‌ಗಳು ಮಾತಾಡಿಕೊಳ್ಳಲು ಒಂದು ಒಪ್ಪಿತ ಭಾಷೆ ಇದೆ. ಅದರ ಹೆಸರು ಆಕ್ಟಿವಿಟಿಪಬ್. ವೆಬ್‌ಗೆ ನಿಯಮ ಬರೆಯುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಮುದ್ರೆ ಒತ್ತಿತು. ಆ ಭಾಷೆ ಆಡುವ ತಂತ್ರಾಂಶಗಳಲ್ಲಿ ಹೆಚ್ಚು ಹೆಸರಾದದ್ದು ಮಾಸ್ಟೊಡಾನ್. ಜರ್ಮನಿಯ ಯೂಜೆನ್ ರಾಚ್ಕೊ 2016ರಲ್ಲಿ ಶುರು ಮಾಡಿದ್ದು. ಚಿತ್ರಕ್ಕೆ ಪಿಕ್ಸೆಲ್‌ಫೆಡ್, ವಿಡಿಯೋಗೆ ಪೀರ್‌ಟ್ಯೂಬ್, ಹೀಗೆ ಅಣ್ಣತಮ್ಮಂದಿರೂ ಇದ್ದಾರೆ. ನಮ್ಮ ದೇಶದವರು ದಂಡಿಯಾಗಿ ಮಾಸ್ಟೊಡಾನ್ ಕಡೆ ಹೋದದ್ದು 2019ರ ನವೆಂಬರ್‌ನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದಾಗ. ಹೆಚ್ಚಿನವರು ಕೆಲವೇ ವಾರಗಳಲ್ಲಿ ವಾಪಸ್ ಹೋದರು. ಯಾಕೆ ಹೋದರು ಎಂಬುದು ಆಮೇಲೆ ನನಗೂ ಚೆನ್ನಾಗಿ ಅರ್ಥವಾಯಿತು, ಹೇಳುತ್ತೇನೆ.

ಮೊದಲು ಪುಸ್ತಕ, ಆಮೇಲೆ ಕಂಪ್ಯೂಟರ್

ಯಾವ ಆ್ಯಪನ್ನೂ ಇಳಿಸಿಕೊಳ್ಳುವ ಮೊದಲು 200 ಪುಟದ ಒಂದು ಉದ್ದ ನೋಟ್‌ಬುಕ್ ತನ್ನಿ. ಬಳಗದ ಪ್ರತಿಯೊಬ್ಬರಿಗೂ ಒಂದು ಸಾಲು: ಹೆಸರು, ಊರು, ಫೋನ್, ಈಮೇಲ್. ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ನಕ್ಕ. "ಆಂಟಿ, ಎಕ್ಸೆಲ್‌ನಲ್ಲಿ ಮಾಡಿ." ಎಕ್ಸೆಲ್‌ನಲ್ಲೂ ಮಾಡಿದೆ. ಆದರೆ ಪುಸ್ತಕಕ್ಕೆ ಪಾಸ್‌ವರ್ಡ್ ಬೇಡ, ಚಾರ್ಜೂ ಬೇಡ. ಬೇರೆಯವರ ನಂಬರ್ ಬರೆದುಕೊಳ್ಳುವ ಮೊದಲು ಅವರನ್ನು ಕೇಳಿ. ಪುಸ್ತಕವನ್ನು ಎಲ್ಲರಿಗೂ ತೋರಿಸಬೇಡಿ.

ದೊಡ್ಡ ಜಾಲತಾಣದಲ್ಲಿ ನಿಮ್ಮ ಗುಂಪು ಇನ್ನೂ ಇದ್ದರೆ ನೀವು ಪುಣ್ಯವಂತರು. ಇವತ್ತೇ ಅಲ್ಲೊಂದು ಪೋಸ್ಟ್ ಹಾಕಿ: "ಈ ಗುಂಪು ಇದ್ದಕ್ಕಿದ್ದ ಹಾಗೆ ಮಾಯವಾದರೆ ನನ್ನನ್ನು ಇಲ್ಲಿ ಹುಡುಕಿ." ನಾನು ಆ ಒಂದು ಸಾಲು ಬರೆದಿಟ್ಟಿದ್ದರೆ ಅರ್ಧ ಜನವಾದರೂ ಸಿಗುತ್ತಿದ್ದರು.

ಸರ್ವರ್ ಆಯ್ಕೆ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಮಾಸ್ಟೊಡಾನ್‌ನಲ್ಲಿ ಖಾತೆ ತೆರೆಯಲು ಹೋದರೆ "ಯಾವ ಸರ್ವರ್?" ಅಂತ ಕೇಳುತ್ತದೆ. ಅರ್ಧ ಜನ ಅಲ್ಲೇ ಗಾಬರಿಯಾಗಿ ಎದ್ದು ಹೋಗುತ್ತಾರೆ. ಬಾಡಿಗೆ ಮನೆ ನೋಡುವ ಹಾಗೆ ನೋಡಿ, ಅಷ್ಟೇ. ಪ್ರತಿ ಸರ್ವರ್‌ಗೂ "ಅಬೌಟ್" ಎಂಬ ಪುಟ ಇರುತ್ತದೆ. ನಡೆಸುವವರು ಯಾರು, ನಿಯಮ ಏನು, ಯಾವ ಯಾವ ಸರ್ವರ್‌ಗಳನ್ನು ತಡೆಹಿಡಿದಿದ್ದಾರೆ, ಅಲ್ಲಿ ಓದಿ. ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಬರೆದಿದ್ದರೆ ಒಳ್ಳೆಯ ಲಕ್ಷಣ. ಬರೆದಿಲ್ಲದಿದ್ದರೆ ಕೇಳಿ. ಮಾಸ್ಟೊಡಾನ್‌ನವರ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು ದಿನಾ ಬ್ಯಾಕಪ್ ಇಡುತ್ತೇವೆ, ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ಹೇಳುತ್ತೇವೆ ಎಂದು ಒಪ್ಪಿಕೊಂಡಿರುತ್ತವೆ. ಬಾಡಿಗೆ ಕರಾರಿನಲ್ಲಿ ನೋಟಿಸ್ ಅವಧಿ ಬರೆಸುವ ಹಾಗೆ.

ಅಂದರೆ ಮುಚ್ಚುತ್ತವೆ ಅಂತಲೂ ಆಯ್ತಲ್ಲ? ಹೌದು, ಮುಚ್ಚುತ್ತವೆ. ಇದನ್ನು ಯಾರೂ ಮುಚ್ಚಿಡಬಾರದು. ಮಾಸ್ಟೊಡಾನ್ ಡಾಟ್ ಟೆಕ್ನಾಲಜಿ ಎಂಬ ಹೆಸರಾಂತ ಸರ್ವರ್ 2022ರ ಕೊನೆಗೆ ನಿಂತಿತು. ಬಾಟ್ಸಿನ್ ಡಾಟ್ ಸ್ಪೇಸ್ 2024ರ ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು. ಒಬ್ಬರೋ ಇಬ್ಬರೋ ರಾತ್ರಿ ಕೂತು ನಡೆಸುವ ಕೆಲಸ ಅದು, ಸುಸ್ತಾಗುತ್ತದೆ. ವ್ಯತ್ಯಾಸ ಏನೆಂದರೆ, ಹೇಳಿ ಮುಚ್ಚಿದರೆ ನಿಮ್ಮ ಫಾಲೋವರ್‌ಗಳ ಸಮೇತ ಬೇರೆ ಕಡೆ ಹೋಗಬಹುದು. ಅದು ಹೇಗೆಂದು ಕೊನೆಯಲ್ಲಿ ಬರೆದಿದ್ದೇನೆ.

ಕನ್ನಡದವರದ್ದೇ ಸರ್ವರ್ ಬೇಕು ಅಂತ ಹಟ ಮಾಡಬೇಡಿ. ಯಾವ ಸರ್ವರ್‌ನಲ್ಲಿ ಕೂತರೂ ಕನ್ನಡದಲ್ಲಿ ಬರೆಯಬಹುದು. ಆದರೆ ತೀರಾ ಚಿಕ್ಕ ಸರ್ವರ್‌ನಲ್ಲಿ ಒಂದು ತೊಂದರೆ ಇದೆ. ಹ್ಯಾಷ್‌ಟ್ಯಾಗ್ ಹುಡುಕಿದರೆ ಆ ಸರ್ವರ್‌ಗೆ ಈಗಾಗಲೇ ಬಂದು ತಲುಪಿದ ಪೋಸ್ಟ್ ಮಾತ್ರ ಕಾಣುತ್ತವೆ. ಹೊಸಬರಿಗೆ "ಇಲ್ಲಿ ಯಾರೂ ಇಲ್ವಲ್ಲಾ" ಅನ್ನಿಸುತ್ತದೆ. ಹಾಗಾಗಿ ನಮ್ಮ ಬಳಗದವರನ್ನು ಮೊದಲು ನಡುಗಾತ್ರದ ಸರ್ವರ್‌ಗೆ ಸೇರಿಸಿದೆ.

ಖಾತೆ ತೆರೆದ ಮೇಲೆ ನಿಮ್ಮ ವಿಳಾಸ ಎರಡು ಭಾಗದ್ದು: @ಹೆಸರು@ಸರ್ವರ್. ಎರಡನೇ ಭಾಗ ಮರೆತರೆ ಪಿನ್ ಕೋಡ್ ಇಲ್ಲದ ಕಾಗದದ ಹಾಗೆ. ನಮ್ಮ ಬಳಗದ ಹಿರಿಯರೊಬ್ಬರು ಮೊದಲ ಭಾಗವನ್ನು ಮಾತ್ರ ಚೀಟಿಯಲ್ಲಿ ಬರೆದು ಹಂಚಿದ್ದರು. ಚೆಲುವಾಂಬ ಪಾರ್ಕಿನ ಭಾನುವಾರದ ಸಭೆ ಪೂರ್ತಿ ಅದನ್ನು ತಿದ್ದುವುದರಲ್ಲೇ ಕಳೆಯಿತು.

ಮೊದಲ ವಾರ ಖಾಲಿ ಮನೆ

ಜನ ವಾಪಸ್ ಹೋಗುವುದು ಇಲ್ಲೇ. ದೊಡ್ಡ ಜಾಲತಾಣದಲ್ಲಿ ಖಾತೆ ತೆರೆದ ಕೂಡಲೇ ಯಂತ್ರ ಏನೇನೋ ತಂದು ಸುರಿಯುತ್ತದೆ. ಇಲ್ಲಿ ನಿಮ್ಮ ಮುಖಪುಟಕ್ಕೆ ಬರುವುದು ನೀವು ಫಾಲೋ ಮಾಡಿದವರದ್ದು, ಬರೆದ ಕಾಲದ ಕ್ರಮದಲ್ಲಿ. ಯಾರನ್ನೂ ಫಾಲೋ ಮಾಡದಿದ್ದರೆ ಏನೂ ಇಲ್ಲ. ಹೊಸ ಮನೆಗೆ ಹಾಲುಕ್ಕಿಸಲು ಒಬ್ಬರೇ ಹೋಗುತ್ತಾರಾ? ಇಲ್ಲಿಗೂ ಒಬ್ಬೊಬ್ಬರೇ ಹೋಗಬೇಡಿ. ನಾವು 14 ಜನ ಒಂದೇ ಭಾನುವಾರ, ಪಾರ್ಕಿನ ಬೆಂಚಿನ ಮೇಲೆ ಕೂತು ಖಾತೆ ತೆರೆದೆವು. ಎದ್ದು ಬರುವ ಮೊದಲು ಎಲ್ಲರೂ ಎಲ್ಲರನ್ನೂ ಫಾಲೋ ಮಾಡಿದ್ದೆವು. ಒಬ್ಬರು ಚಕ್ಕುಲಿ ತಂದಿದ್ದರು. ಆ ಮೊದಲ 14ರಲ್ಲಿ 11 ಜನ ಇವತ್ತಿಗೂ ಇದ್ದಾರೆ. ಆಮೇಲೆ ಒಬ್ಬೊಬ್ಬರಾಗಿ, ಫೋನಿನಲ್ಲಿ ಹೇಳಿಸಿಕೊಂಡು ಸೇರಿದವರಲ್ಲಿ ಉಳಿದವರು ಕಮ್ಮಿ.

ಮಾಡಬೇಕಾದ ಸಣ್ಣ ಕೆಲಸಗಳು ಕೆಲವು ಇವೆ. ಪೋಸ್ಟ್ ಬರೆಯುವ ಚೌಕದ ಕೆಳಗೆ ಭಾಷೆ ಆರಿಸುವ ಜಾಗ ಇದೆ, ಅಲ್ಲಿ ಕನ್ನಡ ಹಾಕಿ. ಇಂಗ್ಲಿಷ್ ಎಂದೇ ಬಿಟ್ಟರೆ ಕನ್ನಡ ಪೋಸ್ಟ್‌ಗಳನ್ನು ಮಾತ್ರ ನೋಡಲು ಜರಡಿ ಹಾಕಿಕೊಂಡವರಿಗೆ ನೀವು ಕಾಣುವುದಿಲ್ಲ. ಹ್ಯಾಷ್‌ಟ್ಯಾಗ್ ಬಳಸಿ, ಪದಗಳ ನಡುವೆ ಜಾಗ ಬಿಡಬೇಡಿ: #ಕೈತೋಟ, #ಬೀಜವಿನಿಮಯ. ಹ್ಯಾಷ್‌ಟ್ಯಾಗ್ ಅನ್ನೇ ಫಾಲೋ ಮಾಡಬಹುದು, ಅದು ತುಂಬಾ ಉಪಯೋಗ. ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರದ ಮಿತಿ. ಇಷ್ಟವಾದದ್ದಕ್ಕೆ ನಕ್ಷತ್ರ ಒತ್ತಿದರೆ ಬರೆದವರಿಗೆ ಸಂತೋಷ, ಅಷ್ಟೇ. ನಾಲ್ಕು ಜನರಿಗೆ ತಲುಪಬೇಕಾದರೆ ಬೂಸ್ಟ್ ಒತ್ತಬೇಕು. ಇದನ್ನು ಬಳಗದವರಿಗೆ ಹತ್ತು ಸಲ ಹೇಳಿ. ಇಲ್ಲಿ ಯಂತ್ರ ಹಂಚುವುದಿಲ್ಲ, ನಾವೇ ಹಂಚಬೇಕು.

ಇನ್ನೊಂದು ಮಾತು, ಇದು ಗಂಭೀರ. ಖಾಸಗಿ ಸಂದೇಶ ಅಂತ ಕಳಿಸುವುದು ಇಲ್ಲಿ ಪೂರ್ತಿ ಖಾಸಗಿಯಲ್ಲ. ಎರಡೂ ಕಡೆಯ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಪೋಸ್ಟ್‌ಕಾರ್ಡ್ ಅಂದುಕೊಳ್ಳಿ. ಮನೆ ವಿಳಾಸ, ಬ್ಯಾಂಕ್ ವಿವರ ಅಲ್ಲಿ ಬೇಡ. ಬೀಜ ಕಳಿಸುವ ವಿಳಾಸವನ್ನು ನಾವು ಈಗಲೂ ಫೋನಿನಲ್ಲೇ ಕೇಳಿ ಬರೆದುಕೊಳ್ಳುತ್ತೇವೆ. ವಾಟ್ಸ್ಆ್ಯಪ್ ಬಿಡಿ ಅಂತಲೂ ನಾನು ಯಾರಿಗೂ ಹೇಳಿಲ್ಲ. "ನಾಳೆ ಹತ್ತು ಗಂಟೆಗೆ ಪಾರ್ಕ್" ಅನ್ನುವುದಕ್ಕೆ ಅದೇ ಸರಿ.

ಸ್ವಂತ ಸರ್ವರ್ ಬೇಕಾ?

ಒಂದು ವರ್ಷ ಬೇಡ. ನನ್ನ ಅಭಿಪ್ರಾಯ ಇದು, ಪಕ್ಕದ ಮನೆ ಹುಡುಗ ಒಪ್ಪುವುದಿಲ್ಲ. ಅವನಿಗೆ ಮೊದಲ ದಿನವೇ ಸರ್ವರ್ ಕಟ್ಟುವ ಆಸೆ. ಕಟ್ಟುವುದು ಒಂದು ಮಧ್ಯಾಹ್ನದ ಕೆಲಸ. ಕಸ ಗುಡಿಸುವುದು ದಿನದಿನದ ಕೆಲಸ. ಜಗಳ ಬಿಡಿಸಬೇಕು, ಜಾಹೀರಾತು ಸುರಿಯುವ ಕಳ್ಳ ಖಾತೆಗಳನ್ನು ತೆಗೆಯಬೇಕು, ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದ ಕೂಡಲೇ ಹಾಕಬೇಕು, ಬ್ಯಾಕಪ್ ಸರಿಯಾಗಿದೆಯಾ ಎಂದು ನಿಜವಾಗಿ ತೆರೆದು ನೋಡಬೇಕು.

ಮೈಸೂರಿನವರಿಗೆ ಇದು ಹೊಸ ಕಥೆಯೇನಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಆ ಮನೆಯಿಂದ. ಒಬ್ಬರ ಮನೆಯಲ್ಲಿ ಹುಟ್ಟಿದ್ದನ್ನು ಕೆಲವು ವರ್ಷಗಳ ನಂತರ ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಒಬ್ಬರು ಹಚ್ಚಿದ ದೀಪಕ್ಕೆ ಎಣ್ಣೆ ಹಾಕಲು ಇನ್ನೊಬ್ಬರು ಬೇಕೇ ಬೇಕು. ಆ ಇನ್ನೊಬ್ಬರು ಯಾರು ಎಂಬುದು ಗೊತ್ತಾದ ಮೇಲೆ ಸರ್ವರ್ ಕಟ್ಟಿ.

ನಾವು ಒಂದೂವರೆ ವರ್ಷದ ಮೇಲೆ ಕಟ್ಟಿದೆವು. ಮಾಸ್ಟೊಡಾನ್ ತುಸು ಭಾರ, ನಮ್ಮಷ್ಟು ಜನಕ್ಕೆ ಅಷ್ಟು ಬೇಕಿರಲಿಲ್ಲ. ಗೋಟುಸೋಷಿಯಲ್ ಎಂಬ ಹಗುರವಾದ ತಂತ್ರಾಂಶವನ್ನೂ ನೋಡಿದೆವು, ಅದು ಸಣ್ಣ ಯಂತ್ರದ ಮೇಲೂ ಓಡುತ್ತದೆ. ಕೊನೆಗೆ ಮಾಸ್ಟೊಡಾನನ್ನೇ ಹಾಕಿದೆವು. ನಮ್ಮವರಿಗೆ ಆ ಗುಂಡಿಗಳು ಅಭ್ಯಾಸವಾಗಿಬಿಟ್ಟಿದ್ದವು. ಬಾಡಿಗೆ ಯಂತ್ರಕ್ಕೆ ತಿಂಗಳಿಗೆ 900 ರೂಪಾಯಿ ಚಿಲ್ಲರೆ, ಸರ್ವರ್‌ನ ಸ್ವಂತ ಹೆಸರಿಗೆ (ಅದನ್ನೇ ಡೊಮೇನ್ ಅನ್ನುವುದು) ವರ್ಷಕ್ಕೆ ಹೆಚ್ಚುಕಮ್ಮಿ ಅಷ್ಟೇ. 40 ಜನ ತಿಂಗಳಿಗೆ 30 ರೂಪಾಯಿ ಹಾಕುತ್ತಾರೆ. ಮಿಕ್ಕಿದ್ದು ಡಬ್ಬಿಯಲ್ಲಿ. ಲೆಕ್ಕವನ್ನು ಪ್ರತಿ ತಿಂಗಳು ಒಂದನೇ ತಾರೀಕು ಎಲ್ಲರಿಗೂ ಕಾಣುವ ಹಾಗೆ ಪೋಸ್ಟ್ ಮಾಡುತ್ತೇನೆ. ಗುಮಾಸ್ತೆ ಬುದ್ಧಿ, ಹೋಗುವುದಿಲ್ಲ.

ಹೆಸರಿನ ವಿಷಯದಲ್ಲಿ ಹುಷಾರು. ಚೆನ್ನಾಗಿ ಕೇಳಿಸುತ್ತೆ ಅಂತ ಯಾವುದೋ ದೇಶದ ಬಾಲ ಹಚ್ಚಿಕೊಳ್ಳಬೇಡಿ. ಡಾಟ್ ಎಎಫ್ ಅಫ್ಘಾನಿಸ್ತಾನದ್ದು. ಆ ಬಾಲ ಇದ್ದ ಒಂದು ಮಾಸ್ಟೊಡಾನ್ ಸರ್ವರ್‌ನ ಹೆಸರನ್ನು 2024ರ ಫೆಬ್ರವರಿಯಲ್ಲಿ ಅಲ್ಲಿನ ತಾಲಿಬಾನ್ ಆಡಳಿತ ಕಿತ್ತುಕೊಂಡಿತು. ಸರ್ವರ್ ಹೆಸರು ಆಮೇಲೆ ಬದಲಿಸಲು ಬರುವುದಿಲ್ಲ, ಹಾಗಾಗಿ ಪೆಟ್ಟು ಜೋರು. ನಾವು ಡಾಟ್ ಇನ್ ತೆಗೆದುಕೊಂಡೆವು. ನವೀಕರಣದ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಸಿಲಿಂಡರ್ ಬಂದ ತಾರೀಕಿನ ಪಕ್ಕದಲ್ಲೇ ಬರೆದಿದ್ದೇನೆ.

ಬ್ಯಾಂಕಿನ ಸ್ಟ್ರಾಂಗ್ ರೂಮ್ ಒಬ್ಬರ ಕೀಯಿಂದ ತೆರೆಯುವುದಿಲ್ಲ, ಇಬ್ಬರು ಬೇಕು. ಸರ್ವರ್‌ಗೆ ಅದನ್ನು ಸ್ವಲ್ಪ ತಿರುಗಿಸಿ: ಯಾರಾದರೂ ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ತೆರೆಯುವಂತಿರಲಿ. ನಮ್ಮಲ್ಲಿ ಪಾಸ್‌ವರ್ಡ್ ಮೂವರ ಹತ್ತಿರ ಇದೆ. ಒಬ್ಬರು ಕುವೆಂಪುನಗರ, ಒಬ್ಬರು ವಿಜಯನಗರ, ಒಬ್ಬರು ಮಂಡ್ಯ. ಪಕ್ಕದ ಮನೆ ಹುಡುಗನ ಕೈಯಲ್ಲಿ ಮಾತ್ರ ಇದ್ದಿದ್ದರೆ ಅವನಿಗೆ ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ ದಿನವೇ ನಮ್ಮ ಕಥೆ ಮುಗಿಯುತ್ತಿತ್ತು.

ಮುಂದೆ ಯಾವುದು ಉಳಿಯುತ್ತದೆ?

ಪಾರ್ಕಿನಲ್ಲಿ ಇದೊಂದು ಚರ್ಚೆ ಯಾವಾಗಲೂ. ಬ್ಲೂಸ್ಕೈ ಎಂಬ ಇನ್ನೊಂದು ಜಾಲತಾಣ ಬೇರೆ ದಾರಿ ಹಿಡಿದಿದೆ, ಅದರ ಭಾಷೆ ಎಟಿ ಪ್ರೋಟೊಕಾಲ್. 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು, ಒಂದೇ ವರ್ಷದಲ್ಲಿ 3 ಕೋಟಿ ಖಾತೆ ಮುಟ್ಟಿತು. ಸ್ವಂತ ಡೊಮೇನ್ ಹೆಸರನ್ನೇ ಅಲ್ಲಿ ನಿಮ್ಮ ಹೆಸರಾಗಿ ಇಟ್ಟುಕೊಳ್ಳಬಹುದು, ಅದು ನನಗೆ ಬಹಳ ಇಷ್ಟ. ಆದರೆ ಅಲ್ಲಿ ಹೆಚ್ಚಿನವರ ಖಾತೆ ಇರುವುದು ಒಂದೇ ಕಂಪನಿಯ ಯಂತ್ರಗಳಲ್ಲಿ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಥ್ರೆಡ್ಸ್ ಕೂಡ 2024ರಲ್ಲಿ ಆಕ್ಟಿವಿಟಿಪಬ್‌ಗೆ ಒಂದು ಕಿಟಕಿ ತೆರೆದಿದೆ. ಕಿಟಕಿ ತೆರೆದವರು ಮುಚ್ಚಲೂಬಹುದು. ಮಾಸ್ಟೊಡಾನ್‌ನವರು 2025ರ ಜನವರಿಯಲ್ಲಿ, ಇದು ಒಬ್ಬ ವ್ಯಕ್ತಿಯ ಕೈಯಲ್ಲಿ ಇರಬಾರದು, ಲಾಭಕ್ಕಲ್ಲದ ಸಂಸ್ಥೆಗೆ ಒಪ್ಪಿಸುತ್ತೇವೆ ಎಂದು ಹೇಳಿದರು. ಅದು ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ.

ಯಾವುದಾದರೂ ಒಂದನ್ನೇ ನೆಚ್ಚಬೇಕಾಗಿಲ್ಲ. ಬ್ರಿಡ್ಜಿ ಫೆಡ್ ಎಂಬ ಸೇತುವೆ ಇದೆ. ಅದರ ಖಾತೆಯನ್ನು ಫಾಲೋ ಮಾಡಿದರೆ ನಿಮ್ಮ ಮಾಸ್ಟೊಡಾನ್ ಪೋಸ್ಟ್‌ಗಳು ಬ್ಲೂಸ್ಕೈನವರಿಗೂ ಕಾಣುತ್ತವೆ. ನಂಜನಗೂಡು ರಸಬಾಳೆ ತೋಟಗಳು ಪನಾಮಾ ಸೊರಗು ರೋಗಕ್ಕೆ ಸಾಲುಸಾಲಾಗಿ ಹೋದ ಮೇಲೂ ಬಾಳೆಕಂದು ಉಳಿದದ್ದು ಅಲ್ಲೊಂದು ಇಲ್ಲೊಂದು ಹಿತ್ತಲಲ್ಲಿ. ನಮ್ಮ ಬಳಗದಲ್ಲಿ ಹಾಗಾಗಿ ಒಂದು ನಿಯಮ ಇದೆ: ಅಪರೂಪದ ಬೀಜ ಕನಿಷ್ಠ ಮೂರು ಮನೆಯಲ್ಲಿರಬೇಕು. ವಿಳಾಸದ ಪಟ್ಟಿಗೂ ಅದೇ ನಿಯಮ ಹಾಕಿದ್ದೇವೆ.

ಒಂದು ಸಲ ಮನೆ ಬದಲಿಸಿ ನೋಡಿ

ಬೆಂಕಿ ಬೀಳುವ ಮೊದಲೇ ಮೆಟ್ಟಿಲು ಎಲ್ಲಿದೆ ಅಂತ ತಿಳಿದಿರಬೇಕಲ್ವಾ? ಸರ್ವರ್ ಬದಲಿಸುವುದನ್ನು ನೆಮ್ಮದಿಯ ಕಾಲದಲ್ಲೇ ಒಮ್ಮೆ ಮಾಡಿ.

ಮೊದಲು ಹಳೇ ಖಾತೆಯ ಪ್ರಿಫರೆನ್ಸಸ್‌ಗೆ ಹೋಗಿ, ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್ ಭಾಗದಲ್ಲಿ ನೀವು ಫಾಲೋ ಮಾಡುವವರ ಪಟ್ಟಿ, ತಡೆದವರ ಪಟ್ಟಿ, ಬುಕ್‌ಮಾರ್ಕ್‌ಗಳನ್ನು ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಇಳಿಸಿಕೊಳ್ಳಿ. ಇದನ್ನು ಪ್ರತಿ ತಿಂಗಳು ಮಾಡಿ. ಯಾಕೆಂದರೆ ಸರ್ವರ್ ಹೇಳದೆ ಕೇಳದೆ ಸತ್ತರೆ ಫಾಲೋವರ್‌ಗಳನ್ನು ಸಾಗಿಸುವ ದಾರಿಯೇ ಇಲ್ಲ, ಉಳಿಯುವುದು ಈ ಕಡತ ಮಾತ್ರ. ಬರೆದದ್ದರ ಪೂರ್ತಿ ಗಂಟನ್ನೂ ಕೇಳಿ ಪಡೆಯಬಹುದು, ಏಳು ದಿನಕ್ಕೊಮ್ಮೆ ಕೊಡುತ್ತಾರೆ.

ಆಮೇಲೆ ಹೊಸ ಸರ್ವರ್‌ನಲ್ಲಿ ಖಾತೆ ತೆರೆಯಿರಿ. ಅಲ್ಲಿನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ "ಬೇರೆ ಖಾತೆಯಿಂದ ಬರುತ್ತಿದ್ದೇನೆ" ಎಂಬ ಅರ್ಥದ ಸಾಲು ಇದೆ. ಹಳೇ ವಿಳಾಸವನ್ನು ಅಲ್ಲಿ ಪೂರ್ತಿ ಬರೆಯಿರಿ. ಇದನ್ನು ಮೊದಲು ಮಾಡಬೇಕು. ನಾನು ತಿರುವುಮುರುವು ಮಾಡಿ ಅರ್ಧ ಗಂಟೆ ಒದ್ದಾಡಿದೆ. ಈಗ ಹಳೇ ಖಾತೆಗೆ ಬಂದು "ಬೇರೆ ಖಾತೆಗೆ ಹೋಗುತ್ತಿದ್ದೇನೆ" ಎಂಬ ಕಡೆ ಹೊಸ ವಿಳಾಸವನ್ನೂ ಹಳೇ ಖಾತೆಯ ಪಾಸ್‌ವರ್ಡನ್ನೂ ಕೊಡಿ. ಫಾಲೋವರ್‌ಗಳು ಒಬ್ಬೊಬ್ಬರಾಗಿ ತಾವಾಗೇ ಬರತೊಡಗುತ್ತಾರೆ. ಕೊನೆಗೆ ಆ ಸಿಎಸ್‌ವಿ ಕಡತಗಳನ್ನು ಹೊಸ ಖಾತೆಗೆ ಏರಿಸಿ. ಹಳೇ ಪೋಸ್ಟ್‌ಗಳು ಹಳೇ ಮನೆಯಲ್ಲೇ ಉಳಿಯುತ್ತವೆ, ಬರುವುದಿಲ್ಲ. ಒಮ್ಮೆ ಹೋದ ಮೇಲೆ 30 ದಿನ ಮತ್ತೆ ಬದಲಿಸಲು ಬಿಡುವುದಿಲ್ಲ. ಹಾಗಾಗಿ ವಿಳಾಸವನ್ನು ಎರಡು ಸಲ ಓದಿ.

ನಾನು ಬದಲಿಸಿದಾಗ ಫಾಲೋವರ್‌ಗಳು 212 ಜನ. ಒತ್ತಿ, ಕಾಫಿ ಸೋಸಿ ಬಂದೆ. 140. ನಮ್ಮ ಯಜಮಾನರು "ಎಲ್ಲಿಗೆ ಬಂತು?" ಅಂತ ನಡುಮನೆಯಿಂದಲೇ ಕೇಳುತ್ತಿದ್ದರು, ಚುನಾವಣೆ ಎಣಿಕೆಯ ಹಾಗೆ. ರಾತ್ರಿ ಮಲಗುವಾಗ 209. ಪುಸ್ತಕ ತೆಗೆದು ಒಂದೊಂದೇ ಸಾಲಿಗೆ ಗುರುತು ಹಾಕಿದೆ. ಮೂರು ಹೆಸರು ಉಳಿದವು. ಒಬ್ಬರು ಬೇರೆ ತಂತ್ರಾಂಶ ಬಳಸುತ್ತಿದ್ದರು, ಅದಕ್ಕೆ ಈ ಸ್ಥಳಾಂತರ ಅರ್ಥವಾಗಿರಲಿಲ್ಲ. ಫೋನ್ ಮಾಡಿದೆ, ಸೇರಿದರು. ಇನ್ನೊಬ್ಬರ ಸರ್ವರ್ ಆವತ್ತು ಕೆಟ್ಟಿತ್ತು, ಎರಡು ದಿನದ ಮೇಲೆ ಸರಿಯಾಯಿತು. ಮೂರನೆಯವರು ಕೊಳ್ಳೇಗಾಲದ ಕಡೆಯ ಹಿರಿಯರು, ಚಪ್ಪರದವರೆಯ ಬೀಜ ಕೊಟ್ಟವರು. ನಂಬರ್ ಬದಲಾಗಿದೆ, ಯಾರೋ ಬೇರೆಯವರು ಎತ್ತಿದರು. ಊರಿನ ವಿಳಾಸ ಪುಸ್ತಕದಲ್ಲಿತ್ತು. ಕಾಗದ ಹಾಕಿದ್ದೇನೆ, ಹೊಸ ವಿಳಾಸದ ಎರಡೂ ಭಾಗ ಬರೆದು.